ಸುಟ್ಟ ವೈರು ಏನು ಹೇಳುತ್ತದೆ? ವಿದ್ಯುತ್ ಅವಘಡಗಳ ತನಿಖೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಓಡಾಡಿಕೊಂಡು ಕೆಲಸ ಮಾಡುವ ಎಂಜಿನಿಯರ್ ನಾನು. ಸುಟ್ಟ ಮೋಟಾರು, ಎಣ್ಣೆ ಕಾರಿದ ಟ್ರಾನ್ಸ್‌ಫಾರ್ಮರ್, ಬೆಂಕಿ ಬಿದ್ದ ಗೋದಾಮು, ಕರೆಂಟ್ ಹೊಡೆದ ಜಾಗ. ಇಂಥ ಕಡೆ ಹೋಗಿ, ಯಾಕೆ ಹೀಗಾಯ್ತು ಅಂತ ಹುಡುಕುತ್ತೇನೆ. ಮಿಲ್ ಮಾಲೀಕರು, ರೈತರು, ಕಾಲೇಜಿನ ಹುಡುಗರು ಫೋನಿನಲ್ಲಿ, ಪತ್ರದಲ್ಲಿ, ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರು ಕೂತು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಸಾರ್, ನೀವು ಎಲೆಕ್ಟ್ರಿಷಿಯನ್ನಾ? ರಿಪೇರಿ ಮಾಡಿಕೊಡ್ತೀರಾ?

ಇಲ್ಲ. ಎಲೆಕ್ಟ್ರಿಷಿಯನ್ ಕೆಟ್ಟದ್ದನ್ನು ಸರಿ ಮಾಡುತ್ತಾರೆ. ನಾನು ಅದು ಯಾಕೆ ಕೆಟ್ಟಿತು ಅಂತ ನೋಡುತ್ತೇನೆ. ಎರಡೂ ಬೇರೆ ಬೇರೆ ಕೆಲಸ. ಎಷ್ಟೋ ಸಲ ನಾನು ಹೋಗುವಷ್ಟರಲ್ಲಿ ಹೊಸ ಮೋಟಾರು ಕೂರಿಸಿ, ಹಳೆಯದನ್ನು ಗುಜರಿಗೆ ಹಾಕಿರುತ್ತಾರೆ. ಆಗ ನನಗೆ ನೋಡಲು ಏನೂ ಉಳಿದಿರುವುದಿಲ್ಲ. ಕಾರಣ ಮಾತ್ರ ಹಾಗೇ ಉಳಿದಿರುತ್ತದೆ, ಹೊಸ ಮೋಟಾರನ್ನೂ ಸುಡುತ್ತದೆ.

ಪೇಪರ್‌ನಲ್ಲಿ ಯಾವಾಗ್ಲೂ "ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ" ಅಂತಾನೇ ಬರುತ್ತಲ್ಲ, ಅದು ನಿಜಾನಾ?

ಕೆಲವು ಸಲ ನಿಜ. ಆದರೆ ಬೆಂಕಿ ಆರಿದ ಒಂದು ಗಂಟೆಯೊಳಗೆ ಅದನ್ನು ಹೇಳಲು ಯಾರಿಗೂ ಆಗುವುದಿಲ್ಲ.

ಹೀಗೆ ಯೋಚನೆ ಮಾಡಿ. ಮೂಲೆಯಲ್ಲಿ ಇಟ್ಟ ದೀಪದಿಂದ ಅಂಗಡಿಗೆ ಬೆಂಕಿ ಬಿತ್ತು ಅಂದುಕೊಳ್ಳೋಣ. ಬೆಂಕಿ ಮೇಲಕ್ಕೆ ಏರುತ್ತದೆ. ಮೇಲೆ ವೈರುಗಳಿವೆ, ಅವುಗಳಲ್ಲಿ ಕರೆಂಟ್ ಇದೆ. ವೈರಿನ ಮೇಲಿನ ಪಿವಿಸಿ ಸುಟ್ಟು ಉದುರುತ್ತದೆ. ಒಳಗಿನ ಎರಡು ತಂತಿ, ಅಂದರೆ ಕರೆಂಟ್ ತರುವ ಫೇಸು ಮತ್ತು ವಾಪಸ್ ಒಯ್ಯುವ ನ್ಯೂಟ್ರಲ್, ಒಂದಕ್ಕೊಂದು ತಾಗಿ ಪಟಪಟ ಅಂತ ಕಿಡಿ ಹಾರುತ್ತದೆ. ಹೊರಗೆ ನಿಂತವರು ನೋಡುವುದು ಆ ಕಿಡಿಯನ್ನೇ. "ಶಾರ್ಟ್ ಆಯ್ತು, ನಾನೇ ಕಣ್ಣಾರೆ ನೋಡಿದೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಶಾರ್ಟ್ ಆಗಿದ್ದು ನಿಜ. ಆದರೆ ಅದು ಬೆಂಕಿ ಬಿದ್ದ ಮೇಲೆ ಆದದ್ದು.

ಕರೆಂಟ್ ಇದ್ದ ಯಾವ ಕಟ್ಟಡ ಸುಟ್ಟರೂ ಒಂದಲ್ಲ ಒಂದು ಕಡೆ ಶಾರ್ಟ್ ಆದ ಗುರುತು ಸಿಗುತ್ತದೆ. ಹಾಗಾಗಿ ಗುರುತು ಸಿಕ್ಕಿತು ಅನ್ನುವುದು ದೊಡ್ಡ ವಿಷಯ ಅಲ್ಲ. ಶಾರ್ಟ್ ಮೊದಲಾ, ಬೆಂಕಿ ಮೊದಲಾ ಅನ್ನುವುದನ್ನು ಹುಡುಕಬೇಕು. ಶಾರ್ಟೇ ಮೊದಲು ಅಂತಾದರೆ ಇನ್ಸುಲೇಷನ್ ಯಾಕೆ ಹೋಯಿತು ಅಂತ ನೋಡಬೇಕು. ಇಲಿ ಕಚ್ಚಿತಾ? ಮೊಳೆ ಹೊಡೆದಿದ್ದರಾ? ತೆಳು ವೈರಿಗೆ ಭಾರಿ ಲೋಡ್ ಹಾಕಿದ್ದರಾ? ಜಾಯಿಂಟ್ ಲೂಸ್ ಇತ್ತಾ? ಇವುಗಳಲ್ಲಿ ಒಂದೊಂದಕ್ಕೂ ಮಾಡಬೇಕಾದ ಪರಿಹಾರ ಬೇರೆ. ಸುಮ್ನೆ "ಶಾರ್ಟ್ ಸರ್ಕ್ಯೂಟ್" ಅಂತ ಬರೆದು ಕಡತ ಮುಚ್ಚಿದರೆ ಯಾವ ಪರಿಹಾರವೂ ಆಗುವುದಿಲ್ಲ. ಈ ಕೆಲಸದಲ್ಲಿ ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ಒಳ್ಳೆ ಎಂಸಿಬಿ ಹಾಕಿಸಿದ್ದೀನಿ. ಆದ್ರೂ ಗೀಸರ್ ಪ್ಲಗ್ಗು ಕರಗಿ ಹೋಯ್ತಲ್ಲ, ಯಾಕೆ?

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು. ಅದು ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದನ್ನು ಮಾತ್ರ. ಯಾವ ಜಾಗ ಎಷ್ಟು ಬಿಸಿಯಾಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಪ್ಲಗ್ಗಿನ ಸ್ಕ್ರೂ ಲೂಸ್ ಆಗಿ ಆ ಜಾಗದಲ್ಲಿ ಅರ್ಧ ಓಮ್ ತಡೆ ಹುಟ್ಟಿಕೊಂಡಿತು ಅನ್ನಿ. 9ರ ವರ್ಗ 81, ಅದರ ಅರ್ಧ 40. ಅಂದರೆ ಕಡಲೆಕಾಳಿನಷ್ಟು ಜಾಗದಲ್ಲಿ 40 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು. ಅದಕ್ಕಿಂತ ಜಾಸ್ತಿ ಬಿಸಿ ನಿಮ್ಮ ಬಚ್ಚಲುಮನೆ ಗೋಡೆಯ ಪ್ಲಗ್ಗಿನೊಳಗೆ ಹುಟ್ಟುತ್ತಿದೆ. ಎಂಸಿಬಿಗೆ ಕಾಣುವುದು ಮಾತ್ರ ಬರೀ 9 ಆಂಪ್. ಅದು 16 ಆಂಪಿನದು, ಬೀಳುವುದೇ ಇಲ್ಲ.

ನಾನು ನೋಡಿದ ಮನೆ ಬೆಂಕಿಗಳಲ್ಲಿ ಲೂಸ್ ಜಾಯಿಂಟಿನವು ಬಹಳ. ಇದು ಮೊದಲೇ ಸೂಚನೆ ಕೊಡುತ್ತದೆ. ಸ್ವಿಚ್ಚಿನ ಸುತ್ತ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಸಣ್ಣಗೆ ಚಿರ್ ಅನ್ನುತ್ತದೆ, ದೀಪ ಮಿಣುಕುತ್ತದೆ. ಇವುಗಳಲ್ಲಿ ಒಂದು ಕಂಡರೂ ಆ ಪ್ಲಗ್ಗು ಬಳಸುವುದನ್ನು ಅವತ್ತೇ ನಿಲ್ಲಿಸಿ.

ನಮ್ಮ ಬೀದಿಲಿ ಒಂದೇ ರಾತ್ರಿ ಎಂಟತ್ತು ಮನೆ ಟಿವಿ, ಫ್ರಿಜ್ಜು ಹೋದ್ವು. ಪಕ್ಕದ ಮನೇಲಿ ಏನೂ ಆಗಿಲ್ಲ. ಇದೇನು ಸಾರ್?

ಇಂಥ ಕಡೆ ನಾನು ಮೊದಲು ನೋಡುವುದು ನ್ಯೂಟ್ರಲ್ ವೈರನ್ನು. ಬೀದಿ ಲೈನಿನಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್ ಇರುತ್ತವೆ. ಮನೆಗಳನ್ನು ಮೂರೂ ಫೇಸಿಗೆ ಹಂಚಿರುತ್ತಾರೆ. ನ್ಯೂಟ್ರಲ್ ಗಟ್ಟಿ ಇದ್ದಾಗ ಎಲ್ಲರಿಗೂ 230 ವೋಲ್ಟ್ ಬರುತ್ತದೆ. ಅದು ಕಿತ್ತರೆ ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೆ ಒಂದು ಪೋಣಿಸಿದ ಹಾಗೆ ಆಗುತ್ತವೆ. ಎರಡು ಫೇಸಿನ ನಡುವಿನ 400 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ, ಅದೂ ಸಮನಾಗಿ ಅಲ್ಲ. ಜಾಸ್ತಿ ಲೋಡ್ ಇರುವ ಕಡೆ ವೋಲ್ಟೇಜ್ ಕುಸಿಯುತ್ತದೆ. ಒಂದು ಟಿವಿ, ಒಂದು ಬಲ್ಬು ಮಾತ್ರ ಉರಿಯುತ್ತಿರುವ ಕಡೆ 300 ದಾಟುತ್ತದೆ.

ಅದಕ್ಕೇ ನಾನು ಮೊದಲು ಕೇಳುವುದು "ಯಾರ ಮನೇಲಿ ದೀಪ ಜೋರಾಗಿ ಉರೀತು, ಯಾರ ಮನೇಲಿ ಮಂಕಾಯ್ತು?" ಅಂತ. ಎರಡೂ ಆಗಿದ್ದರೆ ಕಾರಣ ಹೆಚ್ಚು ಕಡಿಮೆ ಸಿಕ್ಕ ಹಾಗೆ. ದೀಪ ಇದ್ದಕ್ಕಿದ್ದಂತೆ ಜೋರಾದರೆ ಮೇನ್ ಸ್ವಿಚ್ ಆಫ್ ಮಾಡಿ, 1912ಕ್ಕೆ ಫೋನ್ ಮಾಡಿ, ಸಮಯ ಬರೆದಿಟ್ಟುಕೊಳ್ಳಿ.

ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ ಬೇರೆ ಬೇಕಾ?

ಬೇಕು. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ಜನರನ್ನು ಕಾಯುತ್ತದೆ. ಹೋದ ಕರೆಂಟು ವಾಪಸ್ ಬರುವಾಗ 30 ಮಿಲಿಆಂಪ್ ಕಡಿಮೆಯಾದರೆ, ಅದು ಎಲ್ಲೋ ಸೋರುತ್ತಿದೆ ಅಂತ ತಿಳಿದು ಲೈನ್ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

## ತೋಟ, ಭಟ್ಟಿ, ಮಿಲ್ಲು

ಬೋರಿನ ಮೋಟಾರು ವರ್ಷಕ್ಕೆ ಎರಡು ಸಲ ಸುಡುತ್ತೆ. ರಿವೈಂಡಿಂಗ್‌ನೋರು ಸರಿಯಾಗಿ ಕಟ್ತಾ ಇಲ್ವಾ?

ಇರಬಹುದು. ಆದರೆ ಅವರನ್ನು ಬೈಯುವ ಮೊದಲು ಸುಟ್ಟ ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿ ನೋಡಿ. ಅದು ಎಷ್ಟೋ ವಿಷಯ ಹೇಳುತ್ತದೆ.

ಮೂರೂ ಫೇಸಿನ ಕಾಯಿಲ್ ಒಂದೇ ಸಮ ಕಪ್ಪಾಗಿದ್ದರೆ ಮೋಟಾರಿಗೆ ಭಾರ ಜಾಸ್ತಿ ಆಗಿದೆ. ಮರಳು ಸಿಕ್ಕಿ ಪಂಪು ಬಿಗಿದಿರಬಹುದು, ವೋಲ್ಟೇಜ್ ತೀರಾ ಕಡಿಮೆ ಇರಬಹುದು. ಮೂರು ಕಾಯಿಲ್‌ಗಳನ್ನು ಜೋಡಿಸುವ ರೀತಿ ಎರಡು: ಸ್ಟಾರ್, ಡೆಲ್ಟಾ. ಸ್ಟಾರ್ ಕನೆಕ್ಷನ್ನಿನ ಮೋಟಾರಿನಲ್ಲಿ ಎರಡು ಫೇಸು ಸುಟ್ಟು ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿದ್ದರೆ ಒಂದು ಫೇಸು ಇಲ್ಲದೆ ಓಡಿದೆ ಅಂತ ಅರ್ಥ. ಡೆಲ್ಟಾ ಆದರೆ ಉಲ್ಟಾ: ಒಂದು ಸುಟ್ಟಿರುತ್ತದೆ, ಎರಡು ಚೆನ್ನಾಗಿರುತ್ತವೆ. ಒಂದೇ ಒಂದು ಜಾಗದಲ್ಲಿ ಸಣ್ಣಗೆ ಸುಟ್ಟು ಉಳಿದದ್ದೆಲ್ಲ ಸರಿ ಇದ್ದರೆ ಮಾತ್ರ ಕಟ್ಟುವಾಗಿನ ತಪ್ಪು ಅಥವಾ ಸಿಡಿಲಿನ ಅನುಮಾನ ಬರುತ್ತದೆ. ನಮ್ಮೂರಿನ ಹಳೇ ರಿವೈಂಡಿಂಗ್ ಅಂಗಡಿಯವರು ಇದನ್ನು ಒಂದು ನೋಟಕ್ಕೆ ಹೇಳುತ್ತಾರೆ. ನಾನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಅವರ ಅಂಗಡಿ ಬೆಂಚಿನ ಮೇಲೆ ಕೂತು ಕಲಿತಿದ್ದೇನೆ.

ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟದಲ್ಲಿ ಮೋಟಾರು ಮೂರು ಸಲ ಸುಟ್ಟಿತ್ತು. ಮೂರು ಸಲವೂ ಎರಡೇ ಫೇಸು. ಲೈನ್ ಪರೀಕ್ಷೆ ಮಾಡಿದವರೆಲ್ಲ "ಮೂರೂ ಫೇಸು ಸರಿ ಇದೆ" ಅಂದಿದ್ದರು. ಮೀಟರ್ ಹಿಡಿದರೆ ನನಗೂ ಹಾಗೇ ಕಂಡಿತು. ಆಮೇಲೆ ಬೇರೆ ಪಂಪು ಹಚ್ಚಿ, ಓಡುತ್ತಿರುವಾಗಲೇ ಟಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ನೋಡಿದೆ. ಒಂದು ಫೇಸಿನ ಕರೆಂಟು ಇದ್ದಕ್ಕಿದ್ದಂತೆ ಬಿದ್ದುಹೋಯಿತು. ಕಂಬದ ಮೇಲಿನ ಫ್ಯೂಸಿನ ಹಿಡಿಕೆ ತುಕ್ಕು ಹಿಡಿದು ಮೇಲ್ಮೇಲೆ ಮಾತ್ರ ತಾಗಿತ್ತು. ಲೋಡ್ ಇಲ್ಲದಾಗ ಮೀಟರಿಗೆ ಪೂರ್ತಿ ವೋಲ್ಟೇಜ್ ತೋರಿಸುತ್ತಿತ್ತು. ಮೋಟಾರು ಎಳೆಯಲು ಶುರು ಮಾಡಿದರೆ ಕೈ ಬಿಡುತ್ತಿತ್ತು. ಅವತ್ತಿನಿಂದ ಲೋಡ್ ಹಾಕದೆ ನಾನು ಯಾವ ಲೈನನ್ನೂ "ಸರಿ ಇದೆ" ಅಂತ ಬರೆಯುವುದಿಲ್ಲ.

ಇನ್ನೊಂದು ಮಾತು. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆ ಅಂತ ಅದರ ಸೆಟ್ಟಿಂಗನ್ನು ಮೇಲಕ್ಕೆ ತಿರುಗಿಸಬೇಡಿ. ಒಂದು ಫೇಸು ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಕಿತ್ತು ನೇರ ಕೊಡಬೇಡಿ. 800 ಅಡಿ ಆಳದಿಂದ ಮೋಟಾರು ಎತ್ತುವ ಖರ್ಚಿನ ಮುಂದೆ ಆ ಪ್ರಿವೆಂಟರಿನ ಬೆಲೆ ಏನೂ ಅಲ್ಲ.

ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಹೊಸದು ಕೊಟ್ರೂ ತಿಂಗಳಿಗೇ ಹೋಗುತ್ತೆ. ಮಾಲೇ ಸರಿ ಇಲ್ಲ ಅಂತಾರೆ, ಹೌದಾ?

ಒಂದೊಂದು ಸಲ ಹೌದು. ಆದರೆ ಮೊದಲು ಲೆಕ್ಕ ಹಾಕಿ. 5 ಎಚ್‌ಪಿ ಪಂಪು ಓಡುವಾಗ ಸುಮಾರು ಐದೂವರೆ ಕೆವಿಎ (ಟಿಸಿ ಹೊರುವ ಲೋಡಿನ ಅಳತೆ) ಎಳೆಯುತ್ತದೆ. 25 ಕೆವಿಎ ಟಿಸಿಗೆ ಅಂಥ ನಾಲ್ಕು ಪಂಪು ಒಟ್ಟಿಗೆ ಓಡಿದರೆ ಸರಿಯಾಗಿ ತುಂಬುತ್ತದೆ. ಐದನೆಯದು ಹೆಚ್ಚು. ತ್ರೀ ಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರಿನಿಂದ ಎಲ್ಲರ ಪಂಪೂ ಒಂದೇ ಕ್ಷಣಕ್ಕೆ ಎದ್ದರೆ, ಶುರುವಿನ ಕೆಲವು ಸೆಕೆಂಡು ಒಂದೊಂದೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆಟೋ ಸ್ಟಾರ್ಟರಿನಲ್ಲಿ ಒಬ್ಬೊಬ್ಬರು ಒಂದೊಂದು ನಿಮಿಷ ತಡ ಇಟ್ಟುಕೊಂಡರೂ ಟಿಸಿ ಎಷ್ಟೋ ಬದುಕುತ್ತದೆ.

ಆಮೇಲೆ ಫ್ಯೂಸು. ಸಣ್ಣ ಫ್ಯೂಸ್ ವೈರು ಹೋಗುತ್ತಾ ಇದೆ ಅಂತ ದಪ್ಪ ಅಲ್ಯೂಮಿನಿಯಂ ತಂತಿ ಸುತ್ತಿದರೆ, ಫ್ಯೂಸು ಹೋಗಬೇಕಾದ ಜಾಗದಲ್ಲಿ ಟಿಸಿಯೇ ಹೋಗುತ್ತದೆ. ಸುಟ್ಟ ಟಿಸಿ ನೋಡಲು ಹೋದಾಗ ನಾನು ಮೊದಲು ಫೋಟೋ ತೆಗೆಯುವುದು ಫ್ಯೂಸಿನದೇ. ಎಣ್ಣೆ ಮಟ್ಟ, ಅರ್ಥಿಂಗ್ ತಂತಿ, ಸಿಡಿಲು ತಡೆಯುವ ಅರೆಸ್ಟರ್ ಆಮೇಲೆ.

ಟಿಸಿಗೆ ನೀವೇ ಕೈ ಹಾಕಬೇಡಿ. ಫ್ಯೂಸ್ ಹಾಕಲು ಕಂಬ ಹತ್ತಿ ಪ್ರಾಣ ಕಳೆದುಕೊಂಡ ರೈತರ ಮನೆಗೆ ನಾನು ಹೋಗಿದ್ದೇನೆ. ಇನ್ನೊಂದು ಅಂಥ ಮನೆಗೆ ಹೋಗುವುದು ನನಗೆ ಬೇಡ.

ಮಂಡಕ್ಕಿ ಭಟ್ಟಿ, ರೈಸ್ ಮಿಲ್ಲಲ್ಲಿ ಮೋಟಾರು ಬೇಗ ಹೋಗೋದು ಯಾಕೆ?

ಧೂಳಿನಿಂದ. ಮೋಟಾರಿನ ಹೊರಮೈಯಲ್ಲಿ ಗೆರೆ ಗೆರೆ ಇರುತ್ತದಲ್ಲ, ಅದು ಬಿಸಿ ಹೊರಗೆ ಹೋಗಲಿ ಅಂತ ಮಾಡಿದ್ದು. ಅಲ್ಲಿ ತೌಡು, ಹೊಟ್ಟಿನ ಧೂಳು ಕೂತರೆ ಮೋಟಾರಿಗೆ ಕಂಬಳಿ ಹೊದಿಸಿದ ಹಾಗೆ. ವೈಂಡಿಂಗಿನ ಬಿಸಿ ಇರಬೇಕಾದ್ದಕ್ಕಿಂತ 10 ಡಿಗ್ರಿ ಏರಿದರೆ ಇನ್ಸುಲೇಷನ್ನಿನ ಆಯಸ್ಸು ಅರ್ಧ ಆಗುತ್ತದೆ ಅಂತ ನಮ್ಮಲ್ಲಿ ಒಂದು ಅಂದಾಜು ಲೆಕ್ಕವಿದೆ. 20 ಡಿಗ್ರಿ ಏರಿದರೆ ಕಾಲು ಭಾಗ. ವಾರಕ್ಕೊಮ್ಮೆ, ಮೇನ್ ಆಫ್ ಮಾಡಿ, ಬ್ರಷ್ಷಿನಿಂದ ಧೂಳು ತೆಗೆಯಿರಿ. ಹತ್ತಿ ಜಿನ್ನಿಂಗಿನವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಧೂಳಿಗೇ ಬೆಂಕಿ ಹತ್ತುತ್ತದೆ.

ಚಿತ್ರದುರ್ಗದ ಕಡೆ ಎಷ್ಟು ಉಪ್ಪು, ಇದ್ದಿಲು ಹಾಕಿದ್ರೂ ಅರ್ಥಿಂಗ್ ಸರಿ ಬರಲ್ಲ ಅಂತಾರೆ. ನಿಜಾನಾ?

ನಿಜ. ದಾವಣಗೆರೆ ಸುತ್ತಿನ ಎರೆ ಭೂಮಿ ತೇವ ಹಿಡಿದುಕೊಳ್ಳುತ್ತದೆ, ಕರೆಂಟಿಗೆ ಸುಲಭವಾಗಿ ದಾರಿ ಕೊಡುತ್ತದೆ. ದುರ್ಗದ ಕೋಟೆ ಬಂಡೆ ನೋಡಿದ್ದೀರಲ್ಲ, ಅದೇ ಬಂಡೆ ಎಷ್ಟೋ ಕಡೆ ಮನೆ, ಕಾರ್ಖಾನೆಗಳ ಕೆಳಗೂ ಇದೆ. ಬಂಡೆಯಲ್ಲಿ ಕರೆಂಟು ಹರಿಯುವುದು ಕಷ್ಟ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆಯೂ ಕಡಿಮೆ.

ಇದರಿಂದ ಆಗುವ ಅಪಾಯ ಲೆಕ್ಕದಲ್ಲಿ ನೋಡಿ. ಅರ್ಥಿಂಗ್ 10 ಓಮ್ ಇದೆ ಅನ್ನಿ. ಮೆಷಿನ್ನಿನ ಬಾಡಿಗೆ ಫೇಸು ತಾಗಿತು. ನೆಲಕ್ಕೆ ಹರಿಯುವ ಕರೆಂಟು 230ನ್ನು 10ರಿಂದ ಭಾಗಿಸಿದರೆ 23 ಆಂಪ್, ಅದೂ ಹೆಚ್ಚೆಂದರೆ. ಅಲ್ಲಿರುವುದು 32 ಆಂಪಿನ ಎಂಸಿಬಿ. ಅದು ಬೀಳುವುದಿಲ್ಲ. ಮೆಷಿನ್ನಿನ ಬಾಡಿಯಲ್ಲಿ ಕರೆಂಟು ಹಾಗೇ ಕೂತಿರುತ್ತದೆ, ಮುಟ್ಟುವವರಿಗಾಗಿ ಕಾಯುತ್ತಾ. "ನಮ್ಮಲ್ಲಿ ಅರ್ಥಿಂಗ್ ಇದೆ" ಅಂದರೆ ಸಾಲದು, ಎಷ್ಟು ಓಮ್ ಇದೆ ಅಂತ ಅಳೆಯಬೇಕು. ಅದೂ ಬೇಸಿಗೆಯಲ್ಲಿ. ಬಂಡೆ ಇರುವ ಕಡೆ ಒಂದೇ ಗುಂಡಿ ಆಳ ಮಾಡುವ ಬದಲು ದೂರ ದೂರಕ್ಕೆ ನಾಲ್ಕೈದು ಗುಂಡಿ ಮಾಡಿ ಒಂದಕ್ಕೊಂದು ಜೋಡಿಸುವುದು ಮೇಲು. ಅದರ ಜತೆ ಆರ್‌ಸಿಸಿಬಿ ಇರಲೇಬೇಕು. ಸೋರುವ ಕರೆಂಟು ಕಡಿಮೆ ಇದ್ದರೂ ಅದು ಲೈನ್ ಕಡಿಯುತ್ತದೆ.

## ಜಾಗಕ್ಕೆ ಹೋದಾಗ

ಬೆಂಕಿ ಆರಿದ ಮೇಲೆ ನಾವು ಏನು ಮಾಡ್ಬೇಕು, ಏನು ಮಾಡ್ಬಾರದು?

ಮೊದಲು ಕಂಬದಲ್ಲೇ ಲೈನ್ ಕಡಿಸಿ. ಇನ್ವರ್ಟರ್, ಜನರೇಟರ್, ಸೋಲಾರ್ ಇದ್ದರೆ ಅವನ್ನೂ ಮರೆಯಬೇಡಿ.

ಆಮೇಲೆ ಏನನ್ನೂ ಮುಟ್ಟಬೇಡಿ. ಇದು ಕಷ್ಟ ಅಂತ ನನಗೆ ಗೊತ್ತು. ಸುಟ್ಟ ಜಾಗ ನೋಡಲು ಸಂಕಟ ಆಗುತ್ತದೆ, ಬೇಗ ಗುಡಿಸಿ ತೊಳೆಯಬೇಕು ಅನಿಸುತ್ತದೆ. ಆದರೆ ಎಂಸಿಬಿಗಳಲ್ಲಿ ಯಾವುದು ಬಿದ್ದಿದೆ, ಯಾವುದು ನಿಂತಿದೆ ಅನ್ನುವುದೇ ನನಗೆ ದೊಡ್ಡ ಸಾಕ್ಷಿ. ಯಾರೋ ಒಬ್ಬರು "ಬರುತ್ತಾ ನೋಡೋಣ" ಅಂತ ಎಲ್ಲವನ್ನೂ ಒಮ್ಮೆ ಮೇಲೆ ಕೆಳಗೆ ಮಾಡಿದರೆ ಆ ಸಾಕ್ಷಿ ಹೋಯಿತು.

ಮೊಬೈಲಿನಲ್ಲಿ ದೂರದಿಂದ, ಹತ್ತಿರದಿಂದ ಫೋಟೋ ತೆಗೆಯಿರಿ. ಸಿಸಿ ಕ್ಯಾಮೆರಾದ ಡಿವಿಆರ್ ಬಿಚ್ಚಿ ತೆಗೆದಿಡಿ, ಹಳೆಯ ವಿಡಿಯೋ ಅಳಿಸಿಹೋಗುವ ಮೊದಲು. ಮೊದಲು ನೋಡಿದವರು ಯಾರು, ಎಲ್ಲಿ ಹೊಗೆ ಕಂಡರು, ಆಗ ದೀಪ ಉರಿಯುತ್ತಿತ್ತಾ ಅಂತ ಅವತ್ತೇ ಬರೆಸಿಡಿ. ವಾರ ಕಳೆದರೆ ಎಲ್ಲರೂ ಒಬ್ಬರ ಮಾತು ಕೇಳಿ ಒಂದೇ ಕಥೆ ಹೇಳಲು ಶುರು ಮಾಡುತ್ತಾರೆ. ಗುಜರಿಯವರನ್ನು ಒಳಗೆ ಬಿಡಬೇಡಿ. ತಾಮ್ರಕ್ಕೆ ಬೆಲೆ ಇದೆ, ನನಗೆ ಬೇಕಾದದ್ದೂ ತಾಮ್ರವೇ.

ಎಲ್ಲಾ ಸುಟ್ಟು ಬೂದಿ ಆದ್ಮೇಲೆ ನಿಮಗೆ ಏನು ಗೊತ್ತಾಗುತ್ತೆ?

ಲೋಹ ಉಳಿದಿರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಸಾಮಾನ್ಯ ಬೆಂಕಿಯಲ್ಲೇ ಅದು ನೀರಾಗುತ್ತದೆ, ಅದರಿಂದ ನನಗೆ ಜಾಸ್ತಿ ತಿಳಿಯುವುದಿಲ್ಲ. ತಾಮ್ರ ಕರಗಲು 1085 ಡಿಗ್ರಿ ಬೇಕು. ಮನೆ, ಅಂಗಡಿಯ ಬೆಂಕಿ ಎಲ್ಲ ಕಡೆ ಅಷ್ಟು ಬಿಸಿ ಆಗುವುದಿಲ್ಲ. ಹಾಗಾಗಿ ತಾಮ್ರ ಕರಗಿದ್ದರೆ ಯಾಕೆ ಅಂತ ಕೇಳಲೇಬೇಕು.

ಕಿಡಿ ಹಾರಿ ಕರಗಿದ ತಾಮ್ರದ ತುದಿಯಲ್ಲಿ ದುಂಡನೆಯ ಮಣಿ ಇರುತ್ತದೆ. ಮಣಿ ಮುಗಿದ ಕಡೆ ತಂತಿ ಗೆರೆ ಎಳೆದ ಹಾಗೆ ಮೊದಲಿನಂತೆಯೇ ಇರುತ್ತದೆ. ಯಾಕೆಂದರೆ ಕಿಡಿಯ ಬಿಸಿ ಆ ಚುಕ್ಕೆಯಷ್ಟೇ ಜಾಗದಲ್ಲಿ ಇತ್ತು. ಬೆಂಕಿಯಿಂದ ಕರಗಿದ ತಾಮ್ರ ಹಾಗಲ್ಲ. ಉದ್ದಕ್ಕೂ ತೆಳುವಾಗಿ, ದಪ್ಪವಾಗಿ, ಮೇಣದ ಹಾಗೆ ಇಳಿದಿರುತ್ತದೆ. ಇನ್ನೊಂದು ಮೋಸವಿದೆ. ಮೇಲಿನಿಂದ ಕರಗಿದ ಅಲ್ಯೂಮಿನಿಯಂ ತಾಮ್ರದ ಮೇಲೆ ತೊಟ್ಟಿಕ್ಕಿದರೆ ಎರಡೂ ಸೇರಿ 548 ಡಿಗ್ರಿಯಲ್ಲೇ ಕರಗಲು ಶುರುವಾಗುತ್ತದೆ. ತಂತಿ ಕಡಿದು ತಿಂದ ಹಾಗೆ ಕಾಣುತ್ತದೆ. ನೋಡಿದವರು ಶಾರ್ಟ್ ಅಂದುಕೊಳ್ಳುತ್ತಾರೆ.

ಮಣಿ ಸಿಕ್ಕರೆ ಆ ತಂತಿಯಲ್ಲಿ ಆಗ ಕರೆಂಟ್ ಇತ್ತು ಅಂತ ಗೊತ್ತಾಗುತ್ತದೆ. ಅಷ್ಟೇ. ಬೆಂಕಿಗೆ ಮೊದಲಾ ಆಮೇಲಾ ಅನ್ನುವುದು ಬರೀ ಮಣಿ ನೋಡಿ ಹೇಳಲು ಆಗುವುದಿಲ್ಲ. ಹಾಗೆ ಹೇಳುವವರ ಮಾತು ನಂಬಬೇಡಿ.

ಏನೇನು ಸಾಮಾನು ಒಯ್ತೀರಿ?

ಕ್ಯಾಮೆರಾ, ಟೇಪು, ಟಂಗ್ ಟೆಸ್ಟರ್, ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್, ಅರ್ಥಿಂಗ್ ಅಳೆಯುವ ಅರ್ಥ್ ಟೆಸ್ಟರ್, ಬಿಸಿ ತೋರಿಸುವ ಥರ್ಮಲ್ ಕ್ಯಾಮೆರಾ, ಭೂತಗನ್ನಡಿ, ಕಾಗದದ ಲಕೋಟೆ, ಬಣ್ಣದ ಬ್ರಷ್ಷು. ಜಾಸ್ತಿ ಉಪಯೋಗಕ್ಕೆ ಬರುವುದು ಬ್ರಷ್ಷು ಮತ್ತು ಕ್ಯಾಮೆರಾ.

ಭಯ ಆಗಲ್ವಾ?

ಆಗುತ್ತದೆ, ಆಗಬೇಕು ಕೂಡ. ಆಫ್ ಮಾಡಿದ್ದೇವೆ ಅಂತ ಬೇರೆಯವರು ಹೇಳಿದರೆ ನಾನು ನಂಬುವುದಿಲ್ಲ. ಮೊದಲು ಟೆಸ್ಟರನ್ನು ಕರೆಂಟ್ ಇರುವ ಕಡೆ ಹಿಡಿದು ಅದು ಕೆಲಸ ಮಾಡುತ್ತದಾ ನೋಡುತ್ತೇನೆ. ಆಮೇಲೆ ಈ ಲೈನ್ ನೋಡುತ್ತೇನೆ. ಮತ್ತೆ ಕರೆಂಟ್ ಇರುವ ಕಡೆ ಟೆಸ್ಟರ್ ಹಿಡಿಯುತ್ತೇನೆ. ಮೂರು ಸಲ. ಪಕ್ಕದ ಮನೆಯ ಜನರೇಟರಿನಿಂದ ಸತ್ತ ಲೈನಿಗೆ ಕರೆಂಟು ವಾಪಸ್ ಬಂದದ್ದನ್ನು ನೋಡಿದ ಮೇಲೆ ಕಲಿತ ಅಭ್ಯಾಸ ಇದು.

ಕರೆಂಟ್ ಹೊಡೆದು ಜೀವ ಹೋದ್ರೆ ಯಾರು ತನಿಖೆ ಮಾಡ್ತಾರೆ? ನಾವು ಯಾರಿಗೆ ಹೇಳ್ಬೇಕು?

ಪೊಲೀಸರಿಗೆ ಮತ್ತು ಬೆಸ್ಕಾಂಗೆ ತಕ್ಷಣ ಹೇಳಿ. 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ಇಂಥ ಅವಘಡವನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. 24 ಗಂಟೆಯೊಳಗೆ ತಿಳಿಸಬೇಕು ಅಂತ 2005ರ ನಿಯಮ ಇದೆ. ಜನರ ಜೀವ ಮಾತ್ರ ಅಲ್ಲ, ದನಕರು ಸತ್ತರೂ ಇದು ಅನ್ವಯ. ಪರಿಹಾರಕ್ಕೆ ಅವರ ವರದಿ ಮುಖ್ಯ. ನನ್ನಂಥವರು ಬರುವುದು ಆಮೇಲೆ, ಯಾರಾದರೂ ಕರೆದರೆ.

ಹಂದಿ ಬರುತ್ತದೆ ಅಂತ ಬೇಲಿಗೆ ನೇರ 230 ವೋಲ್ಟ್ ಕೊಡುವವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ. ಅದು ಅಪರಾಧ. ನಾನು ನೋಡಿದ ಇಂಥ ಎರಡು ಸಾವಿನಲ್ಲೂ ಸತ್ತವರು ಅದೇ ಮನೆಯವರು. ಅಂಗಡಿಯಲ್ಲಿ ಸಿಗುವ, ಪ್ರಮಾಣ ಪಡೆದ ಬೇಲಿ ಯಂತ್ರ ಕರೆಂಟನ್ನು ಕ್ಷಣದಷ್ಟು ಮಾತ್ರ ಬಿಟ್ಟು ಬಿಟ್ಟು ಕೊಡುತ್ತದೆ. ಪ್ರಾಣಿ ಹೆದರಿ ಓಡುತ್ತದೆ, ಸಾಯುವುದಿಲ್ಲ.

ದುಡ್ಡು ನಾವು ಕೊಡ್ತೀವಿ ಅಂದ್ಮೇಲೆ ರಿಪೋರ್ಟ್ ನಮ್ಮ ಕಡೆ ಬರೆಯಲ್ವಾ?

ಇಲ್ಲ. ದುಡ್ಡು ನನ್ನ ಸಮಯಕ್ಕೆ, ಫಲಿತಾಂಶಕ್ಕಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲೇ ಇದನ್ನು ಹೇಳುತ್ತೇನೆ. ಯಾವುದಾದರೂ ತುಂಡನ್ನು ಕತ್ತರಿಸಿ ನೋಡಬೇಕಾದರೆ ಎದುರು ಪಕ್ಷದವರಿಗೂ ಪತ್ರ ಬರೆದು ಕರೆಸುತ್ತೇನೆ. ಒಮ್ಮೆ ಕತ್ತರಿಸಿದರೆ ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ ಅಲ್ವಾ? ಕೋರ್ಟಿನಲ್ಲಿ ತಜ್ಞರ ಅಭಿಪ್ರಾಯಕ್ಕೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ಇದೆ. ಅಲ್ಲಿ ನಿಂತಾಗ ನನ್ನನ್ನು ಕಾಯುವುದು ನಾನು ತೆಗೆದ ಫೋಟೋ ಮತ್ತು ಬರೆದಿಟ್ಟ ಟಿಪ್ಪಣಿ ಮಾತ್ರ.

## ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ

ನನ್ನ ಮಗಳು ಬಿಐಇಟಿ ಎಂಜಿನಿಯರಿಂಗ್ ಕಾಲೇಜಲ್ಲಿ ಎಲೆಕ್ಟ್ರಿಕಲ್ ಓದ್ತಿದ್ದಾಳೆ. ಈ ಕೆಲಸಕ್ಕೆ ಏನು ಓದ್ಬೇಕು?

ಬಿಇ ಎಲೆಕ್ಟ್ರಿಕಲ್ ಸಾಕು. ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಇದೆ, 1979ರಿಂದ ಬಿಐಇಟಿ ಇದೆ. ಇದಕ್ಕೇ ಅಂತ ಬೇರೆ ಡಿಗ್ರಿ ಹುಡುಕುವುದು ಬೇಡ. ಮೆಷಿನ್, ಪ್ರೊಟೆಕ್ಷನ್, ಹೈ ವೋಲ್ಟೇಜ್ ಈ ಮೂರನ್ನು ಪರೀಕ್ಷೆ ಮುಗಿದ ಮೇಲೂ ಓದಲಿ. ಜತೆಗೆ ಲೋಹಗಳ ಬಗ್ಗೆ ಸ್ವಲ್ಪ ಓದಲಿ. ರಜೆಯಲ್ಲಿ ಒಂದು ತಿಂಗಳು ರಿವೈಂಡಿಂಗ್ ಅಂಗಡಿಗೆ ಹೋಗಲಿ. ಬರೆಯುವುದನ್ನು ಕಲಿಯಲಿ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬೇರೆ ಮಾಡಿ ಬರೆಯಲು ನನಗೆ ಐದು ವರ್ಷ ಹಿಡಿಯಿತು.

ಕೆಲಸ ಎಲ್ಲಿ ಸಿಗುತ್ತದೆ ಅಂದರೆ, ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ, ಕೆಪಿಟಿಸಿಎಲ್, ಬೆಸ್ಕಾಂ, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ವಿಧಿವಿಜ್ಞಾನ ಪ್ರಯೋಗಾಲಯ. ವಿಮೆ ಸರ್ವೇಯರ್ ಆಗಬೇಕಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಪರವಾನಗಿ ಬೇಕು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿ ಫ್ಯಾನುಗಳ ಕಂಪನಿಗಳಿಗೂ ಇಂಥ ಎಂಜಿನಿಯರ್ ಬೇಕು. ಹೆಣ್ಣುಮಕ್ಕಳಿಗೆ ಆಗುತ್ತದಾ ಅಂತ ನೀವು ಫೋನಿನಲ್ಲಿ ಕೇಳಿದ್ದಿರಿ. ಖಂಡಿತ ಆಗುತ್ತದೆ. ಇದು ತಾಳ್ಮೆಯ ಕೆಲಸ.

ನೀವು ಹೇಳಿದ್ದು ತಪ್ಪಾಗಿದ್ದು ಉಂಟಾ?

ಉಂಟು. ಶುರುವಿನ ದಿನಗಳಲ್ಲಿ ಒಂದು ಗೋದಾಮಿನ ಬೆಂಕಿಗೆ ವಿದ್ಯುತ್ ಪ್ಯಾನೆಲ್ (ಸ್ವಿಚ್ಚು, ಫ್ಯೂಸುಗಳ ಪೆಟ್ಟಿಗೆ) ಕಾರಣ ಅಂತ ಬರೆದೆ. ಎಲ್ಲಕ್ಕಿಂತ ಜಾಸ್ತಿ ಸುಟ್ಟಿದ್ದು ಅದೇ. ಒಂದು ತಿಂಗಳ ಮೇಲೆ ಪಕ್ಕದ ಕಟ್ಟಡದ ಕ್ಯಾಮೆರಾ ವಿಡಿಯೋ ಸಿಕ್ಕಿತು. ಹೊಗೆ ಮೊದಲು ಬಂದದ್ದು ಎದುರು ಮೂಲೆಯಿಂದ, ಗೋಣಿಚೀಲದ ರಾಶಿಯಿಂದ. ಪ್ಯಾನೆಲ್ ಹತ್ತಿರ ಬಣ್ಣದ ಡಬ್ಬಿಗಳಿದ್ದವು, ಅದಕ್ಕೇ ಅಲ್ಲಿ ಜಾಸ್ತಿ ಉರಿದಿತ್ತು. ವರದಿ ವಾಪಸ್ ತೆಗೆದುಕೊಂಡು ತಿದ್ದಿ ಕೊಟ್ಟೆ. ಆ ಪ್ಯಾನೆಲ್ ಕೂರಿಸಿದ ಎಲೆಕ್ಟ್ರಿಷಿಯನ್ ಒಂದು ತಿಂಗಳು ಕೆಲಸವಿಲ್ಲದೆ ಕೂತಿದ್ದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಂದೇ ವೈರಿನಲ್ಲಿ ಮೂರು ಕಡೆ ಮಣಿ ಸಿಕ್ರೆ ಯಾವುದು ಮೊದಲು ಅಂತ ಹೇಗೆ ಹೇಳ್ತೀರಿ?

ಕರೆಂಟು ಬರುವ ಕಡೆಯಿಂದ ನೋಡಬೇಕು. ಮೇನ್‌ಗೆ ಹತ್ತಿರದಲ್ಲಿ ತಂತಿ ಕಡಿದುಹೋದರೆ ಅದರ ಮುಂದಕ್ಕೆ ಕರೆಂಟೇ ಇಲ್ಲ. ಮುಂದೆ ಕಿಡಿ ಹಾರುವುದಿಲ್ಲ. ಹಾಗಾಗಿ ಒಂದೇ ಸರ್ಕ್ಯೂಟಿನಲ್ಲಿ ಮೇನ್‌ನಿಂದ ಅತಿ ದೂರದ ಮಣಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲಿನದು. ಬೆಂಕಿ ಅಲ್ಲಿಗೆ ಮೊದಲು ತಲುಪಿತ್ತು ಅಂತ ಹೇಳಬಹುದು. ಎರಡು ದಾರಿಯಿಂದ ಕರೆಂಟು ಬರುವ ಕಡೆ ಈ ಲೆಕ್ಕ ಕೈ ಕೊಡುತ್ತದೆ. ಇದೊಂದರ ಮೇಲೇ ತೀರ್ಮಾನ ಮಾಡಬಾರದು.

ಚಾವಣಿ ಮೇಲಿನ ಸೋಲಾರ್‌ಗೆ ಬೆಂಕಿ ಬೀಳುತ್ತಾ?

ಅಪರೂಪಕ್ಕೆ. ಬಿದ್ದರೆ ಬಹಳ ಸಲ ಕನೆಕ್ಟರಿನಲ್ಲೇ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಕಿಡಿ ಹುಟ್ಟಿದರೂ ಆರಲು ಅವಕಾಶ ಇರುತ್ತದೆ. ಸೋಲಾರಿನ ಡಿಸಿ ಕರೆಂಟು ಸೊನ್ನೆಗೆ ಬರುವುದೇ ಇಲ್ಲ. ಒಮ್ಮೆ ಕಿಡಿ ಹಿಡಿದರೆ ಬಿಡುವುದಿಲ್ಲ. ಎರಡು ಬೇರೆ ಕಂಪನಿಯ ಕನೆಕ್ಟರ್ ಒಂದಕ್ಕೊಂದು ಸಿಕ್ಕಿಸಬೇಡಿ. ಹೊರಗಿನಿಂದ ಹೊಂದಿದ ಹಾಗೆ ಕಂಡರೂ ಒಳಗೆ ಲೂಸ್ ಇರುತ್ತದೆ. ಮೇನ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್ಲಿನಲ್ಲಿ ವೋಲ್ಟೇಜ್ ಇರುತ್ತದೆ ಅನ್ನುವುದನ್ನು ಅಗ್ನಿಶಾಮಕದವರಿಗೆ ಮೊದಲೇ ಹೇಳಿ.

ಡ್ರೈವ್ ಹಾಕಿದ ಮೇಲೆ ಮೋಟಾರಿನ ಬೇರಿಂಗ್ ಆರು ತಿಂಗಳಿಗೊಮ್ಮೆ ಹೋಗುತ್ತೆ. ಇದೂ ಕರೆಂಟಿನ ಕೆಲಸಾನಾ?

ಬಹಳ ಸಲ ಹೌದು, ಮತ್ತು ಬಹಳ ಜನ ಇದನ್ನು ಗ್ರೀಸಿನ ತಪ್ಪು ಅಂದುಕೊಳ್ಳುತ್ತಾರೆ. ವೇಗ ಬದಲಿಸುವ ಡ್ರೈವು ಕರೆಂಟನ್ನು ಸಣ್ಣ ಸಣ್ಣ ಚೂರು ಮಾಡಿ ಕೊಡುತ್ತದೆ. ಅದರಿಂದ ಶಾಫ್ಟಿನಲ್ಲಿ ವೋಲ್ಟೇಜ್ ಹುಟ್ಟಿ, ಬೇರಿಂಗಿನ ಗುಂಡುಗಳ ಮೂಲಕ ನೆಲಕ್ಕೆ ಹಾರುತ್ತದೆ. ಬೇರಿಂಗ್ ಕತ್ತರಿಸಿ ನೋಡಿದರೆ ಒಳಗಿನ ಹಾದಿಯಲ್ಲಿ ಬಟ್ಟೆ ಉಜ್ಜುವ ಕಲ್ಲಿನ ಹಾಗೆ ಒಂದೇ ಅಂತರದ ಗೆರೆ ಗೆರೆ ಕಾಣುತ್ತದೆ. ಆ ಗೆರೆ ಕಂಡರೆ ಗ್ರೀಸ್ ಬದಲಿಸಿ ಪ್ರಯೋಜನವಿಲ್ಲ. ಶಾಫ್ಟಿಗೆ ಅರ್ಥಿಂಗ್ ಬ್ರಷ್ ಹಾಕಿಸಿ, ಅಥವಾ ಇನ್ಸುಲೇಟೆಡ್ ಬೇರಿಂಗ್ ಹಾಕಿಸಿ.

ದೊಡ್ಡ ಟ್ರಾನ್ಸ್‌ಫಾರ್ಮರ್ ಬಿಚ್ಚದೇನೇ ಒಳಗಿನ ತೊಂದರೆ ಹೇಳ್ತಾರಂತೆ, ಹೇಗೆ?

ಎಣ್ಣೆಯಲ್ಲಿ ಕರಗಿದ ಗಾಳಿಯಿಂದ. ಸ್ವಲ್ಪ ಎಣ್ಣೆ ತೆಗೆದು ಲ್ಯಾಬಿಗೆ ಕಳಿಸಿದರೆ ಅದರಲ್ಲಿ ಯಾವ ಯಾವ ಅನಿಲ ಎಷ್ಟಿದೆ ಅಂತ ಹೇಳುತ್ತಾರೆ. ಅಸಿಟಿಲೀನ್ ಏರಿದ್ದರೆ ಒಳಗೆ ಕಿಡಿ ಹಾರುತ್ತಿದೆ. ಎಥಿಲೀನ್ ಏರಿದ್ದರೆ ಎಣ್ಣೆ ತುಂಬಾ ಕಾಯುತ್ತಿದೆ. ಕಾರ್ಬನ್ ಮಾನಾಕ್ಸೈಡ್ ಏರಿದ್ದರೆ ತಂತಿಗೆ ಸುತ್ತಿದ ಕಾಗದ ಸುಡುತ್ತಿದೆ. ಒಂದು ಸಲದ ಅಂಕಿಗಿಂತ, ಹೋದ ವರ್ಷಕ್ಕಿಂತ ಎಷ್ಟು ಏರಿದೆ ಅನ್ನುವುದು ಮುಖ್ಯ.

ದೊಡ್ಡ ಅವಘಡಗಳ ತನಿಖೆಯಿಂದ ನಮ್ಮಂಥೋರು ಕಲಿಯೋದು ಏನಾದ್ರೂ ಇದ್ಯಾ?

ನಾನು ಹುಡುಗರಿಗೆ ಎರಡನ್ನು ಓದಲು ಹೇಳುತ್ತೇನೆ.

ಒಂದು, 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ. 59 ಜನ ಸತ್ತರು. ಅವತ್ತು ಬೆಳಿಗ್ಗೆ ಅಲ್ಲಿನ ಟ್ರಾನ್ಸ್‌ಫಾರ್ಮರಿನ ಕೇಬಲ್ಲಿಗೆ ಲಗ್ (ಕೇಬಲ್ಲಿನ ತುದಿಗೆ ಹಾಕುವ ಲೋಹದ ತೊಡಿಗೆ) ಕೂರಿಸುವಾಗ ಕ್ರಿಂಪಿಂಗ್ ಯಂತ್ರದಿಂದ ಒತ್ತದೆ ಸುತ್ತಿಗೆಯಿಂದ ಬಡಿದಿದ್ದರು. ಸಂಜೆ ಆ ಜಾಯಿಂಟ್ ಬಿಟ್ಟಿತು. ಕೇಬಲ್ಲು ಕಿಡಿ ಹಾರಿಸುತ್ತಾ ಟ್ರಾನ್ಸ್‌ಫಾರ್ಮರಿನ ರೇಡಿಯೇಟರಿಗೆ ತಾಗಿತು, ರೇಡಿಯೇಟರ್ ತೂತಾಯಿತು, ಎಣ್ಣೆ ಸೋರಿ ಹತ್ತಿಕೊಂಡಿತು. ಹೊಗೆ ಮೇಲಕ್ಕೆ ಬಂದಾಗ ಜನರಿಗೆ ಹೊರಗೆ ಹೋಗಲು ದಾರಿ ಸರಿ ಇರಲಿಲ್ಲ. ನಿಮ್ಮ ಮಿಲ್ಲಿನಲ್ಲಿ ಲಗ್ ಹಾಕುವವರ ಕೈಯಲ್ಲಿ ಸುತ್ತಿಗೆ ಕಂಡರೆ ಕೆಲಸ ನಿಲ್ಲಿಸಿ.

ಇನ್ನೊಂದು, 2012ರ ಜುಲೈ 30 ಮತ್ತು 31ರ ಕತ್ತಲೆ. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟು ಹೋಯಿತು. ಶುರುವಾದದ್ದು ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನಿನಿಂದ. ಅಲ್ಲಿ ಯಾವ ತಂತಿಯೂ ಕಡಿದಿರಲಿಲ್ಲ. ಲೋಡ್ ತುಂಬಾ ಏರಿದ್ದನ್ನು ರಿಲೇ, ಅಂದರೆ ಲೈನ್ ಕಾಯುವ ಸಾಧನ, ಲೈನಿನ ದೋಷ ಅಂತ ತಿಳಿದು ಲೈನ್ ಕಡಿಯಿತು. ನಮಗೆ ಆಗ ಏನೂ ಆಗಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ (ವಿದ್ಯುತ್ ಜಾಲ) ಆಗ ಬೇರೆ ತಾಳದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನಿನಿಂದ ಅದೂ ಒಂದಾಯಿತು. ಏನೂ ಕೆಡದೆ ಇದ್ದರೂ, ರಿಲೇ ಸೆಟ್ಟಿಂಗ್ ಪ್ರಕಾರವೇ ನಡೆದುಕೊಂಡಿದ್ದರೂ ಅವಘಡ ಆಗಬಹುದು. ಹಾಗಾಗಿ ಸುಟ್ಟ ಸಾಮಾನಿನ ಜತೆ ಸೆಟ್ಟಿಂಗ್ ಕಾಗದವನ್ನೂ ನಾನು ಕೇಳಿ ಪಡೆಯುತ್ತೇನೆ.

ಕಾರಣ ಸಿಗಲೇ ಇಲ್ಲ ಅಂದ್ರೆ ಏನು ಬರೀತೀರಿ?

"ಕಾರಣ ತೀರ್ಮಾನ ಆಗಿಲ್ಲ" ಅಂತ. ಅದರ ಜತೆ ಯಾವ ಯಾವ ಕಾರಣ ಪರಿಶೀಲಿಸಿದೆ, ಯಾವುದನ್ನು ಯಾಕೆ ಬಿಟ್ಟೆ, ಯಾವುದು ಉಳಿದಿದೆ ಅಂತ ಒಂದೊಂದಾಗಿ ಬರೆಯುತ್ತೇನೆ. ಚಳ್ಳಕೆರೆ ಕಡೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನ ಬೆಂಕಿಯಲ್ಲಿ ಕೊನೆಗೆ ಎರಡು ಉಳಿದವು: ಲೂಸ್ ಆದ ಕಾಂಟ್ಯಾಕ್ಟರ್ (ಮೋಟಾರನ್ನು ಆನ್-ಆಫ್ ಮಾಡುವ ಸ್ವಿಚ್ಚು), ಮತ್ತು ಬಿಸಿಯಾದ ಬೇರಿಂಗಿನಿಂದ ಹೊಟ್ಟಿಗೆ ಹತ್ತಿದ ಬೆಂಕಿ. ಎರಡರಲ್ಲಿ ಒಂದನ್ನು ಆರಿಸಲು ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಮಾಲೀಕರಿಗೆ ಬೇಸರ ಆಯಿತು, ಅದು ಸಹಜ. ಅವರು ಎರಡನ್ನೂ ಸರಿ ಮಾಡಿಸಿದರು. ಆ ಕಾಂಟ್ಯಾಕ್ಟರ್ ಮತ್ತು ಬೇರಿಂಗು ಹೆಸರು, ತಾರೀಕು ಬರೆದ ಲಕೋಟೆಯಲ್ಲಿ ನನ್ನ ಕಪಾಟಿನಲ್ಲಿ ಇನ್ನೂ ಇವೆ.